ತುದಿಗಾಲಿನ ಮೇಲೆ ನಿಂತ ಕಾರು

ಕನ್ನಡ ಕಲಿಸುವ ಮೇಷ್ಟರಿಗೆ ಕಾರಿನ ಗೊಡವೆ ಏಕೆಂದು ಓದುಗರು ಕೇಳಬಹುದು. ಗದಗಿನಿಂದ ಮುಳಗುಂದದ ಮೇಲೆ ಹಾಯ್ದು ಲಕ್ಷ್ಮೇಶ್ವರಕ್ಕೆ ಹನ್ನೆರಡು ವರ್ಷಗಳಿಂದ ಸ್ವತಃ ಕಾರು ನಡೆಸಿಕೊಂಡು ಹೋಗಿ ಬರುವವನು ನಾನು. ಛಂದಸ್ಸಿನ ಗಣಗಳನ್ನು ಬಲ್ಲಷ್ಟೇ ಚೆನ್ನಾಗಿ ಆ ದಾರಿಯ ಗುಂಡಿಗಳನ್ನೂ ಬಲ್ಲೆ. ಅಷ್ಟು ಅಧಿಕಾರ ಸಾಕೆಂದು ಭಾವಿಸಿ ಈ ಜಗಳಕ್ಕೆ ಇಳಿದಿದ್ದೇನೆ.

ಜಗಳ ಒಂದು ಮಾತಿನ ಮೇಲೆ. ಕಾರು ಮಾರುವವರು, ಕೊಳ್ಳುವವರು, ಪತ್ರಿಕೆಗಳಲ್ಲಿ ಕಾರಿನ ಅಂಕಣ ಬರೆಯುವವರು ಎಲ್ಲರೂ ಒಂದೇ ಕಂಠದಿಂದ ಹೇಳುತ್ತಿರುವ ಮಾತು ಅದು: ‘ಜನರಿಗೆ ಎತ್ತರದ ಕಾರೇ ಬೇಕು. ಚುರುಕಾದ ಸಣ್ಣ ಹ್ಯಾಚ್‌ಬ್ಯಾಕಿನ ಕಾಲ ಮುಗಿಯಿತು, ಡಿಕ್ಕಿಯ ಸೆಡಾನಿನ ಕಾಲವೂ ಮುಗಿಯುತ್ತ ಬಂತು.’ ಮೇಲುನೋಟಕ್ಕೆ ಲೆಕ್ಕವೂ ಅವರ ಕಡೆಗೇ ಇದೆ. 2024-25ರ ಸಾಲಿನಲ್ಲಿ ದೇಶದಲ್ಲಿ ಮಾರಾಟವಾದ 43 ಲಕ್ಷ ಪ್ರಯಾಣಿಕ ವಾಹನಗಳಲ್ಲಿ ಸುಮಾರು 28 ಲಕ್ಷ ‘ಯುಟಿಲಿಟಿ’ ಎಂಬ ಎತ್ತರದ ಜಾತಿಗೆ ಸೇರಿದವು. 2024ರಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಕಾರು ಟಾಟಾ ಪಂಚ್. ಎರಡು ಲಕ್ಷಕ್ಕೂ ಮೇಲೆ. ನಾಲ್ಕು ದಶಕಗಳಿಂದ ಮಾರುತಿಯ ಮನೆಯಲ್ಲೇ ಇದ್ದ ಆ ಪಟ್ಟ ಕೈಬದಲಾಯಿಸಿತು. ಈ ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಅಂಕಿಗಳಿಂದ ಎಳೆದ ತಾತ್ಪರ್ಯವನ್ನು ಮಾತ್ರ ಅಲ್ಲಗಳೆಯುತ್ತೇನೆ. ಜನ ಕೊಂಡರು ಎಂಬುದು ಒಂದು ಮಾತು, ಜನರಿಗೆ ಅದೇ ಬೇಕಾಗಿತ್ತು ಎಂಬುದು ಬೇರೊಂದು ಮಾತು. ಬರಗಾಲದಲ್ಲಿ ಟ್ಯಾಂಕರಿನ ನೀರು ಕೊಂಡವನನ್ನು ತೋರಿಸಿ, ಇವನಿಗೆ ಬಾವಿಯ ನೀರು ಸೇರುವುದಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ?

ಮೊದಲು ಒಂದು ಪ್ರಸಂಗವನ್ನು ಹೇಳಿಬಿಡುತ್ತೇನೆ. ಒಂದು ಮಳೆಗಾಲದಲ್ಲಿ ನನ್ನ ಅಕ್ಕನ ಮಗ ಹೊಸ ಕ್ರಾಸ್‌ಓವರ್ ಕಾರು ತಂದು ಮನೆಯ ಮುಂದೆ ನಿಲ್ಲಿಸಿದ. ಪಕ್ಕದಲ್ಲಿ ನನ್ನ 2012ರ ಸ್ವಿಫ್ಟ್ ನಿಂತಿತ್ತು. ಅದನ್ನೊಮ್ಮೆ ನೋಡಿ ನಕ್ಕು, “ಏನ್ರೀ ಮಾಮಾ, ಇನ್ನೂ ಈ ನೆಲಾ ನೆಕ್ಕೂ ಗಾಡೀನ ಇಟ್ಕೊಂಡೀರಲ್ಲ!” ಎಂದ. ಅದೇ ವಾರ ಮುಂಡರಗಿಯ ಕಡೆ ನಮ್ಮ ಬೀಗರ ಹೊಲಕ್ಕೆ ಎಲ್ಲರೂ ಹೋಗುವುದಿತ್ತು. ಡಂಬಳ ದಾಟಿ ಕಪ್ಪತಗುಡ್ಡದ ನೀಲಿಯನ್ನು ನೋಡುತ್ತ ಎರಡೂ ಕಾರುಗಳು ಸುಖವಾಗಿಯೇ ಹೋದವು. ಹೊಲದ ದಾರಿ ಬಂತು. ಹಿಂದಿನ ರಾತ್ರಿ ಮಳೆಯಾಗಿತ್ತು. ನಮ್ಮ ಎರೆಮಣ್ಣು ಹಸಿಯಾದಾಗ ಹೇಗಿರುತ್ತದೆಂಬುದನ್ನು ಗದಗು ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಚಪ್ಪಲಿ ಹಾಕಿಕೊಂಡು ಹೋದವನು ಚಪ್ಪಲಿ ಕಳೆದುಕೊಂಡು ಬರುತ್ತಾನೆ. ನಾನು ಕಾರನ್ನು ಡಾಂಬರಿನ ಅಂಚಿನಲ್ಲೇ ಬಿಟ್ಟು ಪಂಚೆ ಎತ್ತಿ ಕಟ್ಟಿ ನಡೆದೆ. ಅಳಿಯ ಹಾಗೆಯೇ ಒಳಗೆ ನುಗ್ಗಿಸಿದ. ನೂರು ಮಾರು ಹೋಗಿರಲಿಲ್ಲ, ಗಾಲಿಗಳು ನಿಂತಲ್ಲೇ ತಿರುಗಿ ಬಾಗಿಲಿನವರೆಗೂ ಕೆಸರು ಎರಚಿದವು. ಕೊನೆಗೆ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆಯಬೇಕಾಯಿತು. ಎಳೆದ ಹುಡುಗ ಹಗ್ಗ ಬಿಚ್ಚುತ್ತ, “ಎರಿ ಮಣ್ಣಿಗೆ ದೊಡ್ಡ ಗಾಡಿ ಸಣ್ಣ ಗಾಡಿ ಅಂತ ಏನಿಲ್ಲರೀ ಸಾಹೇಬ್ರ, ಎಲ್ಲಾ ಒಂದ” ಎಂದ. ಈ ವಿಷಯದ ಮೇಲೆ ಅದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಇನ್ನೂ ಓದಿಲ್ಲ.

ಹುಡುಗ ಹೇಳಿದ್ದು ಯಂತ್ರಶಾಸ್ತ್ರದ ಮಾತೇ. ಪಂಚ್, ಫ್ರಾಂಕ್ಸ್, ನೆಕ್ಸನ್ ಮುಂತಾಗಿ ನಾವು ಎಸ್‌ಯುವಿ ಎಂದು ಗೌರವದಿಂದ ಕರೆಯುವ ಈ ಸಣ್ಣ ಕಾರುಗಳಲ್ಲೆಲ್ಲ ಎಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಗಾಲಿಗಳಿಗೆ ಮಾತ್ರ, ಹ್ಯಾಚ್‌ಬ್ಯಾಕಿನಲ್ಲಿ ಹೋದ ಹಾಗೆಯೇ. ಜಾಹೀರಾತಿನಲ್ಲಿ ಅವು ಬಂಡೆ ಹತ್ತುತ್ತವೆ, ಹೊಳೆ ದಾಟುತ್ತವೆ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ನಮ್ಮಲ್ಲಿದೆ. ಆ ಉತ್ತರಕುಮಾರನನ್ನು ನಾರಣಪ್ಪ ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ್ದು ನಮ್ಮೂರಿನ ವೀರನಾರಾಯಣನ ಸನ್ನಿಧಿಯಲ್ಲಿ. ಅದೇ ಊರಿನ ಜನ ಜಾಹೀರಾತಿನ ಪೌರುಷಕ್ಕೆ ಮರುಳಾಗುವುದು ನನಗೆ ಸೋಜಿಗವೆನಿಸುತ್ತದೆ.

ಇನ್ನು ಎತ್ತರದ ಲೆಕ್ಕ. ನೆಲಕ್ಕೂ ಕಾರಿನ ಹೊಟ್ಟೆಗೂ ಇರುವ ಅಂತರ ಈಗಿನ ಸ್ವಿಫ್ಟ್‌ನಲ್ಲಿ 163 ಮಿಲಿಮೀಟರು, ಪಂಚ್‌ನಲ್ಲಿ 187. ಬಲೆನೊದಲ್ಲಿ 170, ಫ್ರಾಂಕ್ಸ್‌ನಲ್ಲಿ 190. ವ್ಯತ್ಯಾಸ ಎರಡು, ಎರಡೂವರೆ ಸೆಂಟಿಮೀಟರು. ಒಂದು ಬೆರಳಿನ ಅಗಲಕ್ಕಿಂತ ಚೂರು ಹೆಚ್ಚು. ಉಳಿದ ಎತ್ತರವೆಲ್ಲ ಆಸನದ್ದು, ಮಾಡಿನದ್ದು, ಸುತ್ತ ಅಂಟಿಸಿದ ಕಪ್ಪು ಪ್ಲಾಸ್ಟಿಕ್ಕಿನದ್ದು. ಹ್ಯಾಚ್‌ಬ್ಯಾಕನ್ನು ತುದಿಗಾಲಿನ ಮೇಲೆ ನಿಲ್ಲಿಸಿ, ದಪ್ಪನೆಯ ಕಂಬಳಿ ಹೊದಿಸಿದರೆ ಕ್ರಾಸ್‌ಓವರ್ ಆಯಿತು.

ಮಾತು ಕಟುವಾಯಿತೆನ್ನುವವರು ಬಲೆನೊದ ಕತೆಯನ್ನು ಕೇಳಬೇಕು. 2017ರ ಮಾರ್ಚ್‌ನಲ್ಲಿ ಮಾರುತಿ ಕಂಪೆನಿ ಬಲೆನೊ ಆರ್‌ಎಸ್ ಎಂಬ ಚುರುಕಾದ ಹ್ಯಾಚ್‌ಬ್ಯಾಕನ್ನು ಹೊರತಂದಿತು. ಅದರ ಒಂದು ಲೀಟರಿನ ಬೂಸ್ಟರ್‌ಜೆಟ್ ಟರ್ಬೊ ಎಂಜಿನ್ 102 ಅಶ್ವಶಕ್ತಿಯದು. ಗಿರಾಕಿಗಳು ಬರಲಿಲ್ಲವೆಂದು 2020ರ ಜನವರಿಯಲ್ಲಿ ಅದನ್ನು ನಿಲ್ಲಿಸಿದರು. ಮೂರು ವರ್ಷ ಕಳೆಯಿತು. 2023ರಲ್ಲಿ ಅದೇ ಬಲೆನೊದ ಅಡಿಪಾಯದ ಮೇಲೆ ಫ್ರಾಂಕ್ಸ್ ಬಂತು, ಅದರೊಳಗೆ ಅದೇ ಬೂಸ್ಟರ್‌ಜೆಟ್ ಎಂಜಿನ್ ಕುಳಿತು ಬಂತು. ಉದ್ದ ಬಲೆನೊಗೆ 3990 ಮಿಲಿಮೀಟರು, ಫ್ರಾಂಕ್ಸ್‌ಗೆ 3995. ಹ್ಯಾಚ್‌ಬ್ಯಾಕಿನಲ್ಲಿದ್ದಾಗ ಯಾರಿಗೂ ಬೇಡವಾಗಿದ್ದ ಎಂಜಿನ್ ಎತ್ತರದ ಕಾರಿನಲ್ಲಿ ಎಲ್ಲರಿಗೂ ಬೇಕಾಯಿತು! ಪಂಪ ತನ್ನ ಕಾವ್ಯಕ್ಕೆ ಪುಲಿಗೆರೆಯ ತಿರುಳುಗನ್ನಡವನ್ನು ಆರಿಸಿಕೊಂಡ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ತಿರುಳು ಯಾವುದು, ಸಿಪ್ಪೆ ಯಾವುದು ಎಂಬ ವಿವೇಕ ಆ ಊರಿನ ದಾರಿಯಲ್ಲಿ ಓಡಾಡುವವರಿಗಾದರೂ ಇರಬೇಕು. ಇಲ್ಲಿ ತಿರುಳು ಒಂದೇ. ಸಿಪ್ಪೆ ಬದಲಾಯಿತು, ಬೆಲೆ ಏರಿತು.

ಚುರುಕು ಹ್ಯಾಚ್‌ಬ್ಯಾಕುಗಳ ಚರಿತ್ರೆ ನಮ್ಮ ದೇಶದಲ್ಲಿ ಒಂದು ಶೋಕಗೀತೆಯೇ ಸರಿ. 2001ರಲ್ಲಿ ಫಿಯಟ್ ಪಾಲಿಯೊ ಬಂತು, ಅದರ 1.6 ಲೀಟರಿನ ಜಿಟಿಎಕ್ಸ್ ನೂರು ಅಶ್ವಶಕ್ತಿಯದು, ಪ್ರಚಾರಕ್ಕೆ ಸಚಿನ್ ತೆಂಡೂಲ್ಕರ್. ಆದರೆ ನಮ್ಮವರು ಕೇಳುವ ಮೊದಲ ಪ್ರಶ್ನೆ, “ಆವರೇಜ್ ಎಷ್ಟ್ ಕೊಡ್ತೈತ್ರೀ?” ಆ ಪ್ರಶ್ನೆಗೆ ಪಾಲಿಯೊ ತಲೆ ತಗ್ಗಿಸಬೇಕಾಯಿತು. 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ ಬಂತು. 2019ರ ಹೊತ್ತಿಗೆ ಫಿಯಟ್ ಎಂಬ ಹೆಸರೇ ಇಲ್ಲಿಂದ ಹೊರಟುಹೋಯಿತು. 2013ರಲ್ಲಿ ಬಂದ ಪೋಲೊ ಜಿಟಿಗೆ ಭಕ್ತರೇ ಇದ್ದರು. 2022ರಲ್ಲಿ ಪೋಲೊ ನಿಂತಾಗ ಅವರು ಆಪ್ತರನ್ನು ಕಳೆದುಕೊಂಡವರಂತೆ ಮರುಗಿದರು. 2018ರಲ್ಲಿ ಕೊಯಮತ್ತೂರಿನ ಜಯಂ ಸಂಸ್ಥೆಯ ಜೊತೆ ಸೇರಿ ಟಾಟಾದವರು ತಂದ ಟಿಯಾಗೊ ಜೆಟಿಪಿ, ಹೊಗೆಯ ಹೊಸ ನಿಯಮ ಜಾರಿಗೆ ಬಂದ 2020ನ್ನು ದಾಟಲಿಲ್ಲ. ಅನಂತರ 2021ರಲ್ಲಿ ಹ್ಯುಂಡೈ ಐ20 ಎನ್ ಲೈನ್, 2024ರಲ್ಲಿ ಟಾಟಾ ಆಲ್ಟ್ರೋಜ್ ರೇಸರ್ ಬಂದವು. ಆಸೆ ಪೂರ್ತಿ ಬತ್ತಿರಲಿಲ್ಲವೆಂಬುದಕ್ಕೆ ಇವು ಸಾಕ್ಷಿ.

ಇವೆಲ್ಲ ಏಕೆ ಸೋತವು? ಜನಕ್ಕೆ ರುಚಿ ಇಲ್ಲದೆ ಸೋತವು ಎಂಬುದು ಅರ್ಧ ಸತ್ಯ. ಹುಬ್ಬಳ್ಳಿಯ ಒಂದು ಮಾರಾಟ ಮಳಿಗೆಯಲ್ಲಿ ನಾನು ಇಂಥ ಒಂದು ಕಾರನ್ನು ಓಡಿಸಿ ನೋಡಬೇಕೆಂದು ಕೇಳಿದೆ. ಮಾರುವ ಹುಡುಗ ವಿನಯದಿಂದಲೇ, “ಅದು ಸ್ಟಾಕ್‌ನಾಗ ಇರೂದಿಲ್ಲರೀ ಸರ, ಬುಕ್ ಮಾಡಿದ್ರ ತರಿಸ್ತೀವಿ. ಈಗ ಹ್ಯಾಚ್‌ಬ್ಯಾಕ್ ಯಾರ್ ತಗೋತಾರ್ರೀ? ಇದನ್ನ ನೋಡ್ರಲ್ಲ” ಎಂದು ಎತ್ತರದ ಕಾರಿನ ಬಾಗಿಲು ತೆರೆದ. ಓಡಿಸಿ ನೋಡದೆ ಯಾರೂ ಬುಕ್ ಮಾಡುವುದಿಲ್ಲ, ಬುಕ್ ಮಾಡದೆ ಅವರು ತರಿಸುವುದಿಲ್ಲ, ತರಿಸದಿದ್ದರೆ ಮಾರಾಟವಿಲ್ಲ, ಮಾರಾಟವಿಲ್ಲದ ಮೇಲೆ ‘ಜನಕ್ಕೆ ಬೇಡ’. ಗ್ರಂಥಾಲಯಕ್ಕೆ ಕಾವ್ಯವನ್ನು ತರಿಸದೆ, ಕಾವ್ಯ ಓದುವವರಿಲ್ಲ ಎಂದು ವರದಿ ಬರೆಯುವ ಅಧಿಕಾರಿಯ ತರ್ಕವೂ ಇದೇ.

ಮಾರುಕಟ್ಟೆಯ ಹಿಂದೆ ಇನ್ನೊಬ್ಬ ಶಿಲ್ಪಿ ಇದ್ದಾನೆ. ಅವನ ಹೆಸರು ತೆರಿಗೆ. 2006ರ ಮುಂಗಡಪತ್ರದಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡನೆಯ, 1200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1500 ಸಿಸಿ ಒಳಗಿನ ಡೀಸೆಲ್ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಆ ಗಳಿಗೆಯಿಂದ ಕಾರುಗಳು ಬಡಗಿಯ ಗರಗಸಕ್ಕೆ ಸಿಕ್ಕ ಹಲಗೆಗಳಾದವು. 2008ರಲ್ಲಿ ಸ್ವಿಫ್ಟ್‌ನ ಬೆನ್ನಿಗೆ ಡಿಕ್ಕಿ ಕಟ್ಟಿ ಡಿಜೈರ್ ಮಾಡಿದರು. 2012ರಲ್ಲಿ ಆ ಡಿಕ್ಕಿಯನ್ನೇ ಕತ್ತರಿಸಿ ನಾಲ್ಕು ಮೀಟರಿನೊಳಗೆ ತುರುಕಿದರು. 2013ರ ಇಕೋಸ್ಪೋರ್ಟ್, 2016ರ ಬ್ರೆಜಾ, 2017ರ ನೆಕ್ಸನ್ ಎಲ್ಲವೂ ಆ ಅಳತೆಗೋಲಿಗೆ ಹುಟ್ಟಿದ ಮಕ್ಕಳು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಈ ಅಳತೆಯ ಒಳಗಿನವಕ್ಕೆ ಶೇಕಡಾ 18, ಹೊರಗಿನವಕ್ಕೆ 40. ಕಾನೂನು ಉದ್ದವನ್ನು ಅಳೆಯಿತು, ಎಂಜಿನ್ನನ್ನು ಅಳೆಯಿತು. ಎತ್ತರವನ್ನು ಅಳೆಯಲಿಲ್ಲ, ತೂಕವನ್ನು ಅಳೆಯಲಿಲ್ಲ. ಗಿಡ್ಡಗಿದ್ದರೆ ಸಾಕು, ಎಷ್ಟು ಎತ್ತರವಾದರೂ ಬೆಳೆ ಎಂದಿತು. ಕಾರುಗಳು ಬೆಳೆದವು. ಅತ್ತ 1.4 ಲೀಟರಿನ ಅಬಾರ್ತ್, ಉದ್ದದಲ್ಲಿ ಹ್ಯಾಚ್‌ಬ್ಯಾಕೇ ಆದರೂ, ಎಂಜಿನ್ ದೊಡ್ಡದೆಂದು ದೊಡ್ಡ ಕಾರಿನ ತೆರಿಗೆಯನ್ನೇ ಹೊತ್ತಿತು. ಇದು ಜನರ ರುಚಿಯ ತೀರ್ಪಲ್ಲ, ಸುಂಕದ ಕಟ್ಟೆಯ ತೀರ್ಪು.

ಸೆಡಾನಿನ ವಿಷಯದಲ್ಲಿ ನನಗೆ ಅಷ್ಟು ಕಣ್ಣೀರಿಲ್ಲ. ಒಂದು ಕಾಲಕ್ಕೆ ಗದಗು-ಬೆಟಗೇರಿಯಲ್ಲಿ ವರನ ಕಡೆಯವರು ಹೆಣ್ಣು ನೋಡಲು ಹೊರಟರೆ ‘ಡಿಕ್ಕಿ ಇರೂ ಗಾಡಿ’ಯನ್ನೇ ಎರವಲು ತರುತ್ತಿದ್ದರು. ಡಿಕ್ಕಿಯಲ್ಲಿ ಒಂದು ಬುಟ್ಟಿ ಬಾಳೆಹಣ್ಣಿನ ಹೊರತು ಬೇರೇನೂ ಇರುತ್ತಿರಲಿಲ್ಲ. ಡಿಕ್ಕಿಯ ಜಾಗಕ್ಕೆ ಈಗ ಎತ್ತರ ಬಂದಿದೆ. ಎರವಲು ಹೋಗಿ ಏಳು ವರ್ಷದ ಸಾಲ ಬಂದಿದೆ. ಪ್ರತಿಷ್ಠೆ ಹಿಂಭಾಗದಿಂದ ಮೇಲ್ಭಾಗಕ್ಕೆ ಹತ್ತಿ ಕುಳಿತಿದೆ, ಅಷ್ಟೆ. ಹೀಗಿದ್ದೂ ಸೆಡಾನಿನ ಪರವಾಗಿ ಒಂದು ಮಾತು: ಅದು ನೆಲವನ್ನು ನಂಬುವ ಕಾರು. ಎದುರಿಗೆ ಬರುವವನ ಕಣ್ಣಿನ ಮಟ್ಟದಲ್ಲೇ ಅದು ಸಾಗುತ್ತದೆ.

ಪ್ರತಿಪಕ್ಷದವರ ಮಾತಿನಲ್ಲಿ ನ್ಯಾಯವೇ ಇಲ್ಲವೆಂದು ನಾನು ಹೇಳಲಾರೆ. ಮೊದಲನೆಯದು ಮೊಣಕಾಲು. ನನ್ನ ಅವ್ವ ನನ್ನ ಕಾರಿನಿಂದ ಇಳಿಯುವಾಗಲೆಲ್ಲ, “ಇದರಾಗಿಂದ ಇಳಿಯೂದಂದ್ರ ಬಾವ್ಯಾಗಿಂದ ಮ್ಯಾಲ ಬಂದಂಗ ಆಗತೈತಪಾ” ಎನ್ನುತ್ತಾಳೆ. ಎತ್ತರದ ಆಸನದಲ್ಲಿ ಆಕೆ ಕುರ್ಚಿಯಲ್ಲಿ ಕುಳಿತಂತೆ ಕೂಡುತ್ತಾಳೆ, ಕುರ್ಚಿಯಿಂದ ಎದ್ದಂತೆ ಏಳುತ್ತಾಳೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮನೆಯಲ್ಲಿ ನೋಯುವ ಮೊಣಕಾಲಿದ್ದವರು ಎತ್ತರದ ಕಾರು ಕೊಳ್ಳಲಿ. ಅವರ ಮೇಲೆ ನನ್ನ ಜಗಳವಿಲ್ಲ. ಆದರೆ ಇಪ್ಪತ್ತೈದರ ತರುಣನ ಮೊಣಕಾಲಿಗೆ ಏನಾಗಿದೆ?

ಎರಡನೆಯದು ಸುರಕ್ಷತೆ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯ ಡಿಕ್ಕಿಪರೀಕ್ಷೆಯಲ್ಲಿ ಸ್ವಿಫ್ಟ್ 2018ರಲ್ಲಿ ಎರಡು ನಕ್ಷತ್ರ, ಬಿಗಿಗೊಳಿಸಿದ 2022ರ ಪರೀಕ್ಷೆಯಲ್ಲಿ ಒಂದೇ ನಕ್ಷತ್ರ ಪಡೆಯಿತು. 2021ರಲ್ಲಿ ಪಂಚ್ ಐದು ಪಡೆಯಿತು. ಸ್ವಿಫ್ಟ್ ಇಟ್ಟುಕೊಂಡ ನನಗೆ ಇದು ನುಂಗಲಾರದ ತುತ್ತು, ಆದರೂ ನುಂಗುತ್ತೇನೆ. ಹಾಗೆಂದು ಎತ್ತರವೇ ಸುರಕ್ಷತೆ ಎಂದರೆ ಒಪ್ಪಲಾರೆ. ಪಂಚ್‌ಗಿಂತ ಮೊದಲೇ, 2020ರ ಆರಂಭದಲ್ಲಿ, ಅದೇ ಟಾಟಾದವರ ಆಲ್ಟ್ರೋಜ್ ಐದು ನಕ್ಷತ್ರ ಪಡೆದಿತ್ತು. ಅದು ಅಪ್ಪಟ ಹ್ಯಾಚ್‌ಬ್ಯಾಕ್. 2024ರ ಡಿಜೈರ್ ಸಹ ಐದು ಪಡೆಯಿತು. ಅದು ಸೆಡಾನ್. ಕಾಯುವುದು ಉಕ್ಕಿನ ಕಟ್ಟು, ಗಾಳಿಚೀಲ, ಸೊಂಟದ ಪಟ್ಟಿ, ಎತ್ತರವಲ್ಲ. ಎತ್ತರದ ಮೂತಿ ಒಳಗಿದ್ದವನಿಗೆ ಧೈರ್ಯ ಕೊಡಬಹುದು, ಅದರ ಮುಂದೆ ದಾಟುವ ಮೂರಡಿಯ ಮಗುವಿಗೆ ಏನು ಕೊಡುತ್ತದೆ? ಆ ಮಗು ಚಾಲಕನ ಕಣ್ಣಿಗೆ ಬೀಳುವುದೇ ಕಷ್ಟ.

ಮೂರನೆಯದು ರಸ್ತೆ. ನಿಜವಾದ ಜಗಳ ಇರುವುದು ಇಲ್ಲಿಯೇ. ‘ನಮ್ಮ ರಸ್ತೆಗೆ ಎತ್ತರದ ಕಾರೇ ಸರಿ’ ಎನ್ನುತ್ತಾರೆ. ಶಿರಹಟ್ಟಿಯ ಕಡೆ ಹೋಗುವಾಗ ಊರೂರಿಗೂ ಎದ್ದು ನಿಂತ ಉಬ್ಬುಗಳನ್ನು ತೋರಿಸುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ವೇಗತಡೆಯ ಉಬ್ಬು ಹತ್ತು ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ ಇರಬೇಕು. ಅಂಥ ಉಬ್ಬಿನ ಮೇಲೆ ನನ್ನ ನೆಲ ನೆಕ್ಕುವ ಕಾರು ದೋಣಿಯಂತೆ ತೇಲಿಹೋಗುತ್ತದೆ. ನಮ್ಮಲ್ಲಿರುವುದು ಅಂಥದಲ್ಲ, ಹೊಲದ ಬದುವಿನಂತೆ ಚೂಪಾಗಿ ಎದ್ದದ್ದು. ಅದನ್ನು ಕಟ್ಟಿದ ಹಳ್ಳಿಯವರನ್ನು ಬೈಯುವ ಮೊದಲು ಏಕೆ ಕಟ್ಟಿದರೆಂದು ಕೇಳಬೇಕು. ಶಾಲೆಯ ಮುಂದೆ ಯಾರದೋ ಮಗುವಿಗೆ ಗಾಡಿ ಬಡಿದಿರುತ್ತದೆ. ರಾತ್ರೋರಾತ್ರಿ ಉಬ್ಬು ಎದ್ದಿರುತ್ತದೆ. ಉಬ್ಬು ಎದ್ದಿತೆಂದು ಪೇಟೆಯವನು ಎತ್ತರದ ಕಾರು ಕೊಳ್ಳುತ್ತಾನೆ. ಎತ್ತರದ ಕಾರಿಗೆ ಉಬ್ಬು ನಾಟುವುದಿಲ್ಲ, ವೇಗ ತಗ್ಗುವುದಿಲ್ಲ. ಹಳ್ಳಿಯವರು ಉಬ್ಬಿನ ಮೇಲೆ ಇನ್ನೊಂದು ಬುಟ್ಟಿ ಕಲ್ಲು ಸುರಿಯುತ್ತಾರೆ. ಈ ಪಂದ್ಯಕ್ಕೆ ಕೊನೆಯೆಲ್ಲಿ?

ಗುಂಡಿಯ ಕತೆಯೂ ಅಷ್ಟೆ. ಊರಿನ ಡಾಕ್ಟರು, ವಕೀಲರು, ಗುತ್ತಿಗೆದಾರರು, ನಮ್ಮಂಥ ಮೇಷ್ಟರು, ಅಂದರೆ ಅರ್ಜಿ ಬರೆಯಬಲ್ಲವರು, ಅಧಿಕಾರಿಯ ಬಾಗಿಲು ತಟ್ಟಬಲ್ಲವರು, ಒಬ್ಬೊಬ್ಬರಾಗಿ ಎತ್ತರದ ಕಾರು ಹತ್ತಿದರು. ಗುಂಡಿ ಅವರ ಬೆನ್ನಿಗೆ ತಾಗುವುದು ಕಡಿಮೆಯಾಯಿತು, ಅರ್ಜಿಯೂ ನಿಂತಿತು. ಗುಂಡಿ ಮಾತ್ರ ಇದ್ದಲ್ಲಿಯೇ ಇದೆ. ಅದರಲ್ಲಿ ಈಗ ಬೀಳುವವರು ಯಾರು? ಬೆಟಗೇರಿಯ ನೇಕಾರನ ಸೈಕಲ್ಲು, ಹಾಲಿನವನ ಬೈಕು, ವಾಯವ್ಯ ಸಾರಿಗೆಯ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತ ಗರ್ಭಿಣಿ. ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಹಕಾರ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿದ ಸೀಮೆ ನಮ್ಮದು. ಎಲ್ಲರ ಕಷ್ಟವನ್ನು ಎಲ್ಲರೂ ಸೇರಿ ಕಳೆಯಬೇಕು ಎಂಬುದು ಆ ಹಿರಿಯರ ಮಂತ್ರ. ಅವರ ಮೊಮ್ಮಕ್ಕಳು ಹಾಳು ರಸ್ತೆಗೆ ಕಂಡುಕೊಂಡ ಪರಿಹಾರವೆಂದರೆ, ತಾನೊಬ್ಬ ಎರಡು ಸೆಂಟಿಮೀಟರು ಮೇಲೆ ಹತ್ತಿ ಕೂಡುವುದು! ಎತ್ತರದ ಕಾರಿನ ಮೇಲೆ ನನ್ನ ಸಿಟ್ಟಿನ ಮೂಲ ಇದು. ಅದು ರಸ್ತೆಗೆ ಬರೆದ ರಾಜೀನಾಮೆ.

ಇಷ್ಟು ಹೇಳಿದ ಮೇಲೆ ನಮ್ಮ ಪಕ್ಷದ ತಪ್ಪನ್ನೂ ಒಪ್ಪಿಕೊಳ್ಳಬೇಕು. ಚುರುಕು ಕಾರು ಎಂದೊಡನೆ ಕಂಪೆನಿಯವರು ಮೂತಿಗೆ ಎರಡು ಬಿಳಿ ಪಟ್ಟೆ ಬಳಿದು, ಆಸನಕ್ಕೆ ಕೆಂಪು ದಾರದ ಹೊಲಿಗೆ ಹಾಕಿ, ಹೊಗೆಕೊಳವೆಗೆ ಗುಡುಗು ಕಟ್ಟಿ ಕಳಿಸುತ್ತಾರೆ. ಕೊಂಡ ಹುಡುಗರು ಆ ಗುಡುಗನ್ನು ಊರಿಗೆಲ್ಲ ಕೇಳಿಸುತ್ತ ತಿರುಗುತ್ತಾರೆ. ಟ್ರ್ಯಾಕ್ಟರು, ಎತ್ತಿನ ಗಾಡಿ, ಶಾಲೆಯ ಮಕ್ಕಳು ಒಂದೇ ದಾರಿಯಲ್ಲಿ ನಡೆಯುವ ನಮ್ಮ ನಾಡಿನಲ್ಲಿ ವೇಗವನ್ನು ಹೊಗಳುವವನು ಪಾಪಿ. ನಾನು ಹೊಗಳುತ್ತಿರುವುದು ವೇಗವನ್ನಲ್ಲ, ಹದವನ್ನು. ಹಗುರವಾದ, ನೆಲಕ್ಕೆ ಹತ್ತಿರವಾದ ಕಾರು ತಿರುವಿನಲ್ಲಿ ಓಲಾಡುವುದಿಲ್ಲ, ಬ್ರೇಕು ತುಳಿದಲ್ಲಿ ಬೇಗ ನಿಲ್ಲುತ್ತದೆ, ಅಡ್ಡ ಬಂದ ಎಮ್ಮೆಯನ್ನು ಕೈಯ ಸನ್ನೆಯಷ್ಟರಿಂದ ತಪ್ಪಿಸುತ್ತದೆ. ಕಡಿಮೆ ಉಕ್ಕಿನಲ್ಲಿ, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ಹಿಡಿತ: ಇದೇ ಅದರ ಗುಣ. ಪುಟ್ಟ ಮಿನಿ ಕೂಪರ್ 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ಪಂದ್ಯದಲ್ಲಿ ದೊಡ್ಡ ದೊಡ್ಡ ಕಾರುಗಳನ್ನು ಸೋಲಿಸಿದ್ದು ಈ ಹದದಿಂದ. ಕಡಿಮೆ ಮಾತಿನಲ್ಲಿ ಹೆಚ್ಚು ಹೇಳುವ ತ್ರಿಪದಿಯ ಗುಣವೂ ಇದೇ ಅಲ್ಲವೇ?

ಹಾಗಾದರೆ ಮಾಡಬೇಕಾದ್ದೇನು? ಸರಕಾರ ಕಾರಿನ ಉದ್ದದ ಜೊತೆಗೆ ತೂಕವನ್ನೂ ಅಳೆದು ತೆರಿಗೆ ಹಾಕಲಿ. ಫ್ರಾನ್ಸ್ ದೇಶ 2022ರಿಂದ ಭಾರದ ಕಾರುಗಳಿಗೆ ತೂಕದ ತೆರಿಗೆ ಹಾಕುತ್ತಿದೆ. ಪ್ಯಾರಿಸ್ ನಗರ 2024ರಲ್ಲಿ ಹೊರಗಿನಿಂದ ಬರುವ ಭಾರಿ ಕಾರುಗಳ ನಿಲುಗಡೆ ಶುಲ್ಕವನ್ನು ಮೂರು ಪಟ್ಟು ಮಾಡಿತು. ಕಂಪೆನಿಯವರು ಪಟ್ಟೆ, ದಾರ, ಗುಡುಗುಗಳನ್ನು ಬಿಟ್ಟು, ಗಟ್ಟಿ ಕಟ್ಟಿನ, ಒಳ್ಳೆಯ ಬ್ರೇಕಿನ ಹಗುರ ಹ್ಯಾಚ್‌ಬ್ಯಾಕನ್ನು ಮಳಿಗೆಯಲ್ಲಿಟ್ಟು ಜನರಿಗೆ ಓಡಿಸಲು ಕೊಡಲಿ. ಅನಂತರವೂ ಜನ ಬೇಡವೆಂದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಮೂರನೆಯದು ನಮ್ಮ ಕೈಯಲ್ಲೇ ಇದೆ. ಒಂದು ಅಳತೆಯ ಪಟ್ಟಿ ತೆಗೆದುಕೊಂಡು ನಿಮ್ಮ ಊರಿನ ಉಬ್ಬನ್ನು ಅಳೆಯಿರಿ. ಹತ್ತು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಒಂದು ಅರ್ಜಿ ಬರೆಯಿರಿ. ಅದರಲ್ಲಿ ಶಾಲೆಯ ಮುಂದೆ ನಿಯಮದಂತೆ ಉಬ್ಬು ಇರಲಿ ಎಂದೂ ಬರೆಯಿರಿ. ಏಳು ವರ್ಷದ ಸಾಲಕ್ಕಿಂತ ಒಂದು ಅರ್ಜಿಯ ಕಾಗದ ಅಗ್ಗ.

ಅಳಿಯ ಈಗಲೂ ಬರುತ್ತಾನೆ. ಹೊಲದ ದಾರಿ ಬಂದರೆ ತನ್ನ ಕಾರನ್ನು ನನ್ನದರ ಪಕ್ಕದಲ್ಲಿ, ಡಾಂಬರಿನ ಅಂಚಿನಲ್ಲೇ ನಿಲ್ಲಿಸುತ್ತಾನೆ. ಇಬ್ಬರೂ ಇಳಿದು ನಡೆಯುತ್ತೇವೆ. ಮೊನ್ನೆ ಮುಳಗುಂದದ ದಾರಿಯ ಒಂದು ಗುಂಡಿಯ ಬಗ್ಗೆ ನಾನು ಬರೆದ ಅರ್ಜಿಗೆ ಅವನ ಸಹಿಯನ್ನೂ ಕೇಳಿದೆ. “ನನ್ನ ಗಾಡಿಗೆ ಅದು ಗೊತ್ತ ಆಗೂದಿಲ್ಲರೀ ಮಾಮಾ” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಪೆನ್ನು ತೆಗೆದುಕೊಂಡ.